ನಡುಕದ ಕಾರಣ

ಭೀಮಾ ನದಿಯ ದಂಡೆಯ ಒಂದು ಮಠದಲ್ಲಿ ಹಳೆಯ ಬಿಳಿ ಕಾರಿತ್ತು. ಸುತ್ತಲಿನ ಹಳ್ಳಿಗಳಲ್ಲಿ ಯಾರಿಗೆ ಜಡ್ಡಾದರೂ ತಾಲೂಕಿನ ಆಸ್ಪತ್ರೆಗೆ ಒಯ್ಯಲು ಇದ್ದದ್ದು ಅದೊಂದೇ.

ಕಾರನ್ನು ನೋಡಿಕೊಳ್ಳುತ್ತಿದ್ದವನು ರುದ್ರಮುನಿ. ಮಠ ಸೇರುವ ಮೊದಲು ಅವನು ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಆಗಿದ್ದ. ಈಗ ಅವನ ಗುರು ಚನ್ನಮಲ್ಲ ಅಜ್ಜಾರು.

ಆ ಬೇಸಿಗೆಯಲ್ಲಿ ಕಾರಿಗೆ ನಡುಕ ಹತ್ತಿತು. ಓಡುವಾಗ ಏನೂ ಇಲ್ಲ. ನಿಂತಲ್ಲಿ ಇಂಜಿನ್ ಚಾಲೂ ಇಟ್ಟರೆ ಮಾತ್ರ ಚಳಿಜ್ವರ ಬಂದವರಂತೆ ಗಡಗಡ ನಡುಗುತ್ತಿತ್ತು.

ಕಾರಣ ಹುಡುಕು ಎಂದರು ಅಜ್ಜಾರು.

ರುದ್ರಮುನಿ ಪ್ಲಗ್ಗುಗಳನ್ನು ಬಿಚ್ಚಿ ಒರೆಸಿದ. ಕಾರ್ಬುರೇಟರ್ ತೊಳೆದ. ನಡುಕ ಹೋಗಲಿಲ್ಲ. ಬಿಸಿಲು ನೆತ್ತಿಗೇರಿತ್ತು, ಬೇಸರವೂ ಬಂದಿತ್ತು. ಕೊನೆಗೆ ಕಾರ್ಬುರೇಟರಿನ ಸ್ಕ್ರೂ ತಿರುವಿ, ನಿಂತಲ್ಲೂ ಇಂಜಿನ್ ಜೋರಾಗಿ ತಿರುಗುವಂತೆ ಮಾಡಿದ. ಆ ಜೋರಿನಲ್ಲಿ ನಡುಕ ಅಡಗಿಹೋಯಿತು.

ಅಜ್ಜಾರು ಬಂದು ಬಾನೆಟ್ಟಿನ ಮೇಲೆ ಅಂಗೈ ಇಟ್ಟರು.

“ಕಾರಣ ಸಿಕ್ತೇನು?”

“ನಡುಕ ನಿಂತೈತ್ರಿ ಅಜ್ಜಾರ.”

“ನಾ ಕೇಳಿದ್ದು ಕಾರಣ.”

ರುದ್ರಮುನಿ ಸ್ಕ್ರೂಡ್ರೈವರ್ ಒರೆಸತೊಡಗಿದ. ಅಜ್ಜಾರು ಕೈ ತೆಗೆದು, ಪೂಜೆಗೆ ಹೋದರು.

ಆಮೇಲೊಂದು ಮುಂಜಾನೆ ಮಠದ ಅಡುಗೆಯ ಶಾವಂತ್ರವ್ವನಿಗೆ ಕಟ್ಟಿಗೆಯ ಒಟ್ಟಿಲಿನಲ್ಲಿ ಹಾವು ಕಚ್ಚಿತು. ರುದ್ರಮುನಿ ಮಠಕ್ಕೆ ಬಂದಾಗಿನಿಂದ ಅವನಿಗೆ ರೊಟ್ಟಿ ಬಡಿದು ಹಾಕಿದವಳು ಅವಳೇ. ಅವಳನ್ನು ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಅವನು ಒಬ್ಬನೇ ಹೊರಟ.

ದಾರಿಯಲ್ಲಿ ರೈಲ್ವೆ ಗೇಟು ಹಾಕಿತ್ತು. ಇಂಜಿನ್ ಚಾಲೂ ಇಟ್ಟೇ ಕಾರು ನಿಲ್ಲಿಸಿದ.

“ಈಗ ಗಾಡಿ ನಡಗಂಗಿಲ್ಲ ನೋಡು,” ಎಂದಳು ಶಾವಂತ್ರವ್ವ. ನಾಲಿಗೆ ತೊದಲುತ್ತಿತ್ತು. “ಚಲೋ ಮಾಡೀಯಪಾ.”

ಗೂಡ್ಸ್ ರೈಲು ನಿಧಾನವಾಗಿ ಹೋಗುತ್ತಲೇ ಇತ್ತು. ಅದು ದಾಟುವ ಮೊದಲೇ ಇಂಜಿನ್ ಎರಡು ಸಲ ಕೆಮ್ಮಿ ನಿಂತುಬಿಟ್ಟಿತು.

ಗೇಟು ತೆರೆಯಿತು. ಬ್ಯಾಟರಿ ಸೋಲುವ ತನಕ ರುದ್ರಮುನಿ ಚಾವಿ ತಿರುವಿದ. ಇಳಿದು, ಗೇಟಿನವನನ್ನೂ ಕರೆದುಕೊಂಡು ನೂಕಿದ. ಇಂಜಿನ್ ಜಪ್ಪಯ್ಯ ಎನ್ನಲಿಲ್ಲ. ಆ ದಾರಿಯಲ್ಲಿ ಬೇರೊಂದು ಗಾಡಿ ಬರುವ ಹೊತ್ತಿಗೆ ಶಾವಂತ್ರವ್ವನ ರೆಪ್ಪೆಗಳು ಮುಚ್ಚಿದ್ದವು. ಇನ್ನಷ್ಟು ಬೇಗ ತರಬೇಕಿತ್ತು ಎಂದರು ಆಸ್ಪತ್ರೆಯಲ್ಲಿ.

ನದಿಯ ದಂಡೆಯಲ್ಲೇ ಅವಳನ್ನು ಮಣ್ಣು ಮಾಡಿದರು. ಅವಳ ಆಯುಷ್ಯ ಅಷ್ಟೇ ಇತ್ತು ಎಂದು ಬಂದವರೆಲ್ಲ ಹೇಳಿದರು. ರುದ್ರಮುನಿ ಅದನ್ನು ನಂಬಲು ನೋಡಿದ, ಆಗಲಿಲ್ಲ.

ಮರುದಿನ ಟ್ರ್ಯಾಕ್ಟರಿಗೆ ಕಟ್ಟಿ ಕಾರನ್ನು ಎಳೆದು ತಂದರು. ಅವನು ಅಜ್ಜಾರ ಕಾಲಿಗೆ ಬಿದ್ದ. ತಾನು ಸ್ಕ್ರೂ ತಿರುವಿದ್ದನ್ನು ಹೇಳಿ, ಇನ್ನು ಇಲ್ಲಿ ಇರಲಾರೆ, ಹೋಗುತ್ತೇನೆ ಎಂದ.

“ಹೋಗೂದು ಆಮ್ಯಾಲ. ಮೊದಲ ಆ ಸ್ಕ್ರೂ ಇದ್ದಲ್ಲಿಗೆ ತಿರುವು.”

ಟ್ರ್ಯಾಕ್ಟರಿನ ಬ್ಯಾಟರಿ ಹಚ್ಚಿದಾಗ, ಆರಿ ತಣ್ಣಗಾಗಿದ್ದ ಇಂಜಿನ್ ಹೇಗೋ ಚಾಲೂ ಆಯಿತು. ಸ್ಕ್ರೂ ತಿರುವಿದೊಡನೆ ನಡುಕ ಮರಳಿ ಬಂತು. ಅಜ್ಜಾರು ಎಣ್ಣೆಯ ಡಬ್ಬಿ ಕೊಟ್ಟು, ಗಾಳಿ ಒಳಹೋಗಬಹುದಾದ ಒಂದೊಂದು ಜೋಡಣೆಗೂ ಹನಿ ಬಿಡು ಎಂದರು.

ಅವನು ಹನಿಸುತ್ತ ಹೋದ. ಒಂದು ರಬ್ಬರ್ ಕೊಳವೆಯ ಬುಡಕ್ಕೆ ಬಿದ್ದ ಎಣ್ಣೆ ಸೊರ್ರೆಂದು ಒಳಗೆ ಹೋಯಿತು. ಅರೆಗಳಿಗೆ ನಡುಕ ನಿಂತು ಮತ್ತೆ ಶುರುವಾಯಿತು.

ಇಂಜಿನ್ ಆರಿಸಿ ಕೊಳವೆಯನ್ನು ಬಿಚ್ಚಿದ. ಬೆರಳುದ್ದದ್ದು. ಅದರಲ್ಲಿ ಬಗ್ಗಿಸಿದರೆ ಮಾತ್ರ ಕಾಣುವಂಥ ಸೀಳು. ಇಂಜಿನ್ ಕಾದಾಗ ಆ ಸೀಳು ಬಾಯಿಬಿಟ್ಟು ಗಾಳಿ ಎಳೆದಿತ್ತು; ಗೇಟಿನಲ್ಲಿ ಇಂಜಿನ್ ನಿಂತದ್ದೂ ಅದರಿಂದಲೇ. ಅದನ್ನು ಹಿಡಿದುಕೊಂಡು ಅವನು ನೆಲದ ಮೇಲೆ ಕುಳಿತ. ಬಹಳ ಹೊತ್ತು ಅತ್ತ. ಅಜ್ಜಾರು ಸಮಾಧಾನ ಹೇಳಲಿಲ್ಲ. ಅಲ್ಲಿಂದ ಹೋಗಲೂ ಇಲ್ಲ.

“ಅವತ್ತ ಬಾನೆಟ್ ಮ್ಯಾಲ ಕೈ ಇಟ್ರಿ,” ಎಂದ ರುದ್ರಮುನಿ. “ನಾ ಮುಚ್ಚಿಟ್ಟದ್ದು ನಿಮಗ ತಿಳೀಲಿಲ್ಲೇನ್ರಿ ಅಜ್ಜಾರ?”

“ತಿಳೀತು.”

“ಮತ್ತ ಯಾಕ ಬಿಟ್ರಿ?”

ಅಜ್ಜಾರು ಅವನ ಪಕ್ಕದಲ್ಲಿ, ಎಣ್ಣೆ ಬಿದ್ದ ನೆಲದ ಮೇಲೆ ಕುಳಿತುಕೊಂಡರು.

“ಗಾಡಿ ಸುಮ್ಮನಾಗಿತ್ತಲ್ಲ. ನನಗೂ ಅಷ್ಟ ಸಾಕನಿಸಿತ್ತು.”