ತಲೆ ಕೊಯ್ಯುವವನೂ ಕರಡದ ಹುಲ್ಲೂ

ಕಾಡಿನ ಅಂಚಿನಲ್ಲಿ ಒಂದು ಹಳೆಯ ಬಂಗಲೆ. ಅದರ ಮುಂದೆ ಒಂದು ಹಸಿರು ಬಯಲು. ಆ ಬಯಲಿಗೆ ನರಿ ಕಾಲಿಡುತ್ತಿರಲಿಲ್ಲ, ಹಾವು ಹರಿಯುತ್ತಿರಲಿಲ್ಲ. ಯಾಕೆಂದು ಕೇಳಿದರೆ ಕಾಡಿನವರೆಲ್ಲ ಮಾತು ಬದಲಿಸುತ್ತಿದ್ದರು.

ಮಕ್ಕಳೇ, ಹೊನ್ನಿ ಎಂಬ ಮೊಲ ಬಂದು ಸೇರಿದ್ದು ಅಲ್ಲಿಗೇ. ಅವಳು ಹುಟ್ಟಿ ಬೆಳೆದ ಗುಡ್ಡ ಕಾಡುಗಿಚ್ಚಿಗೆ ಸುಟ್ಟುಹೋಗಿತ್ತು. ಹೊಟ್ಟೆಯಲ್ಲಿ ಮರಿಗಳು, ತುಪ್ಪಳದಲ್ಲಿ ಸಿಕ್ಕಿಕೊಂಡ ತವರಿನ ಕರಡದ ಹುಲ್ಲಿನ ಬೀಜಗಳು. ಅಷ್ಟೇ ಅವಳ ಆಸ್ತಿ.

"ನರಿಯಿಲ್ಲದ ಜಾಗ! ನನಗೆಂದೇ ಕಾದಿತ್ತು," ಎನ್ನುತ್ತ ಮೈ ಕೊಡವಿ ಬೀಜ ಉದುರಿಸಿದಳು.

"ಏನಮ್ಮಾ ಬಿತ್ತಿದ್ದು?" ನೆಲದಿಂದಲೇ ಒಂದು ದನಿ ಬಂತು. ಒಂದೆಲಗದ ಎಲೆಗಳ ಕೆಳಗಿನ ಗುಳಿಯಲ್ಲಿ ಗುಂಡಜ್ಜಿ ಎಂಬ ನೆಲಗಪ್ಪೆ ಕುಳಿತಿದ್ದಳು.

"ಕರಡ, ಅಜ್ಜಿ. ನನ್ನ ಕಿವಿಗಿಂತ ಎತ್ತರ ಬೆಳೆಯುತ್ತೆ."

"ಇಲ್ಲಿ ಎತ್ತರ ಬೆಳೆದದ್ದು ಉಳಿಯೋಲ್ಲ ಮಗಳೇ. ತಲೆ ಕೊಯ್ಯುವವನು ಬರ್ತಾನೆ. ಅವನಿಗೆ ಕಾಲಿಲ್ಲ, ಉರುಳಿ ಬರ್ತಾನೆ. ಹಲ್ಲಿದೆ, ಹೊಟ್ಟೆಯಿಲ್ಲ."

"ಹೊಟ್ಟೆಯಿಲ್ಲದ ಮೇಲೆ ಯಾಕೆ ಕಡೀತಾನೆ?"

"ಅದೇ ಯಾರಿಗೂ ಗೊತ್ತಿಲ್ಲ. ಕಡಿದು ಹಾಗೇ ಬಿಟ್ಟು ಹೋಗ್ತಾನೆ." ಗುಂಡಜ್ಜಿ ದನಿ ತಗ್ಗಿಸಿದಳು. "ನೆಲಕ್ಕೆ ಅಂಟಿಕೊಂಡು ಬೆಳೆಯೋದನ್ನ ಆರಿಸಿಕೋ. ಒಂದೆಲಗ ಇದೆ, ಗರಿಕೆ ಇದೆ, ವಿಷ್ಣುಕ್ರಾಂತಿ ಇದೆ. ಅವನು ಮೇಲೇ ಹಾದುಹೋದರೂ ಇವು ಸಾಯೋಲ್ಲ."

ಹೊನ್ನಿ ಮೂಗು ಅಲುಗಿಸಿ ನಕ್ಕಳು. "ನೀವು ಕಪ್ಪೆ, ನಿಮಗೆ ಒಂದೆಲಗವೇ ಅರಮನೆ. ನನ್ನ ಕಿವಿ ನೋಡಿ! ಇವನ್ನ ಎಲ್ಲಿ ಬಚ್ಚಿಡಲಿ? ನಮ್ಮ ಗುಡ್ಡದಲ್ಲಿ ಕರಡದೊಳಗೆ ಅಲುಗದೆ ಕೂತರೆ ಹದ್ದಿಗೂ ಕಾಣೋಲ್ಲ. ನಮ್ಮಮ್ಮ ನಮ್ಮನ್ನ ಸಾಕಿದ್ದೇ ಹಾಗೆ."

"ಇದು ನಿನ್ನ ಗುಡ್ಡ ಅಲ್ಲ," ಎಂದಷ್ಟೇ ಹೇಳಿ ಗುಂಡಜ್ಜಿ ಗುಳಿಗೆ ಇಳಿದಳು.

ಮಳೆಗಾಲವೆಲ್ಲ ಯಾರೂ ಬರಲಿಲ್ಲ. ಕರಡ ಸೊಂಪಾಗಿ ಬೆಳೆಯಿತು. ಅದರ ನಡುವೆ ಹೊನ್ನಿ ಎರಡು ಮರಿ ಹಾಕಿದಳು.

"ನಿಮ್ಮ ತಲೆ ಕೊಯ್ಯುವವನಿಗೆ ನೆಗಡಿಯಾಗಿರಬೇಕು ಅಜ್ಜಿ!" ಎಂದು ಛೇಡಿಸಿದಳು. ಗುಂಡಜ್ಜಿ ನಗಲಿಲ್ಲ.

ಮೇಯಲು ಹೊರಡುವಾಗಲೆಲ್ಲ ಹೊನ್ನಿ ಮರಿಗಳಿಗೆ, "ಏನೇ ಬಂದರೂ ಅಲುಗಬೇಡಿ," ಎಂದು ಹೇಳಿ ಹೋಗುತ್ತಿದ್ದಳು. ಮೊಲದ ಮರಿಗಳು ಕಲಿಯುವ ಮೊದಲ ಪಾಠವೇ ಅದು.

ಒಂದು ಬೆಳಿಗ್ಗೆ ದಟ್ಟ ಮಂಜು. ಹೊನ್ನಿ ಮೇಯ್ದು ಹಿಂದಿರುಗುತ್ತಿದ್ದಾಗ ಜೀರುಂಡೆಗಳು ಒಮ್ಮೆಲೇ ಸುಮ್ಮನಾದವು. ಬಂಗಲೆಯ ಕಡೆಯಿಂದ ನರಳುವಂಥ ಸದ್ದೊಂದು ಎದ್ದಿತು, ನಿಂತಿತು, ಮತ್ತೆ ಎದ್ದಿತು. ಆಮೇಲೆ ನಿಲ್ಲಲೇ ಇಲ್ಲ. ಮಂಜಿನೊಳಗೆ ಹುಲ್ಲಿನ ತುದಿಗಳು ಸಾಲುಸಾಲಾಗಿ ಮಾಯವಾಗತೊಡಗಿದವು. ಅದು ಬಂಗಲೆಯವರ ಹುಲ್ಲು ಕತ್ತರಿಸುವ ಯಂತ್ರವೆಂದು ನಿಮಗೆ ಗೊತ್ತಿರಬಹುದು, ಮಕ್ಕಳೇ. ಹೊನ್ನಿಗೆ ಗೊತ್ತಿರಲಿಲ್ಲ.

"ಮರಿಗಳೇ, ಇತ್ತ ಬನ್ನಿ! ನನ್ನ ಗುಳಿಗೆ ಬನ್ನಿ!" ಗುಂಡಜ್ಜಿ ಕೂಗುತ್ತಿದ್ದಳು.

ಮರಿಗಳು ಅಲುಗಲಿಲ್ಲ. ಅಮ್ಮ ಹೇಳಿದ್ದಳಲ್ಲ!

ಹೊನ್ನಿಗೆ ಆಗ ಹೊಳೆಯಿತು. ತನ್ನ ಮಾತೇ ಮರಿಗಳ ಕಾಲು ಕಟ್ಟಿಹಾಕಿತ್ತು. ಅವಳು ಕರಡದೊಳಗೆ ನುಗ್ಗಿದಳು. "ಅಲುಗಿ! ನಾನೇ ಹೇಳ್ತಿದ್ದೀನಿ, ಓಡಿ!" ಒಂದನ್ನು ಮೂತಿಯಿಂದ ತಳ್ಳಿದಳು, ನಡುಗುತ್ತಿದ್ದ ಇನ್ನೊಂದನ್ನು ಬಾಯಲ್ಲಿ ಕಚ್ಚಿಕೊಂಡಳು. ಮೂವರೂ ಗುಳಿಗೆ ಬಿದ್ದರು. ಮೇಲೆ ಒಂದೆಲಗದ ಎಲೆಗಳು ಮುಚ್ಚಿಕೊಂಡವು.

"ಕಿವಿ! ಕಿವಿ ಮಡಚು!" ಎಂದಳು ಗುಂಡಜ್ಜಿ.

ಹೊನ್ನಿ ಒಂದು ಕಿವಿ ಮಡಚಿದಳು. ಎರಡನೆಯದು ತಡವಾಯಿತು.

ಒಂದು ಕರಿ ನೆರಳು ಗದರುತ್ತ ಅವರ ಮೇಲೆ ಹಾದುಹೋಯಿತು.

ಸದ್ದು ನಿಂತ ಮೇಲೆ ಹೊನ್ನಿ ತಲೆಯೆತ್ತಿದಳು. ತವರಿನಿಂದ ತಂದದ್ದೆಲ್ಲ ನೆಲದ ಮೇಲೆ ಮಲಗಿತ್ತು. ಒಂದು ಎಸಳನ್ನೂ ಯಾರೂ ತಿಂದಿರಲಿಲ್ಲ. ಅದರ ನಡುವೆ ವಿಷ್ಣುಕ್ರಾಂತಿಯ ಪುಟ್ಟ ನೀಲಿ ಹೂವೊಂದು, ಏನೂ ಆಗಿಲ್ಲವೆಂಬಂತೆ, ಕಣ್ಣು ಬಿಟ್ಟುಕೊಂಡಿತ್ತು. ದೂರದ ಮಂಜಿನಲ್ಲಿ ಏನೋ ಕದಲದೆ ನಿಂತಿತ್ತು. ಅದರ ಹಲ್ಲಿನಿಂದ ಹಸಿರು ತೊಟ್ಟಿಕ್ಕುತ್ತಿತ್ತು.

ಮರಿಗಳೆರಡೂ ಬೆಚ್ಚಗಿದ್ದವು. ಹೊನ್ನಿಯ ಒಂದು ಕಿವಿಗೆ ಮಾತ್ರ ತುದಿ ಇರಲಿಲ್ಲ.

"ಅಜ್ಜಿ," ಎಂದಳು ಮೆಲ್ಲಗೆ, "ಒಂದೆಲಗದ ಒಂದು ಬಳ್ಳಿ ಕೊಡ್ತೀರಾ?"

"ಕೊಡೋದೇನು ಬಂತು? ಪಕ್ಕದಲ್ಲೇ ಮಲಗು, ಅದೇ ಹಬ್ಬಿಕೊಂಡು ಬರುತ್ತೆ. ಅವನೂ ಮತ್ತೆ ಬರ್ತಾನೆ. ಅಷ್ಟರೊಳಗೆ ಮರಿಗಳಿಗೆ ಕಿವಿ ಮಡಚೋದು ಕಲಿಸು."

ನೀತಿ: ಸೇರಿದ ನೆಲದ ಗುಣವರಿತು ಬೇರು ಬಿಡಬೇಕು, ತವರಿನಲ್ಲಿ ಕಾಪಾಡಿದ್ದು ಎಲ್ಲೆಡೆಯೂ ಕಾಪಾಡುವುದಿಲ್ಲ.