ರಾಣಿ ತೋಟದ ಕಲ್ಲುಸೇತುವೆ

ಒಂದು ಕಾಲ ಅಂತ ಇತ್ತಂತೆ ಪುಟ್ಟಿ, ಆ ಕಾಲದಲ್ಲಿ ಒಬ್ಬ ರಾಜ ಇದ್ನಂತೆ. ಅವನು ರಾಣಿಗೋಸ್ಕರ ದೊಡ್ಡ ಹೂದೋಟ ಮಾಡ್ಸಿ, ನಡುವೆ ಕಾಲುವೆ ತೋಡ್ಸಿ, ಅದರ ಮೇಲೊಂದು ಚೆಂದದ ಕಮಾನು ಸೇತುವೆ ಕಟ್ಟು ಅಂತ ಬೊಮ್ಮಾಚಾರಿ ಅನ್ನೋ ಕಲ್ಲುಕೆಲಸದವನಿಗೆ ಹೇಳಿದ್ನಂತೆ. ಬೊಮ್ಮಾಚಾರಿ ಗಿಳಿ, ಹಂಸ, ಮಲ್ಲಿಗೆ ಬಳ್ಳಿ ಎಲ್ಲಾ ಕೆತ್ತಿ ಕಟ್ಟಿದ, ಕಮಾನಿಗೆ ಕೊಟ್ಟಿದ್ದ ಆಸರೆ ಕಂಬ ತೆಗೆದ ಕೂಡ್ಲೇ ಬಿತ್ತು. ಎರಡನೇ ಸಲ ಕಟ್ಟಿದ, ಅದೂ ಬಿತ್ತು. ಮೂರನೇ ಸಲ ಕಟ್ಟಿದಾಗ ರಾಜ ಸಿಟ್ಟಾಗಿ, ನಾಳೆ ಬೆಳಿಗ್ಗೆ ಆಸರೆ ಕಂಬ ತೆಗೆಯುವಾಗ ನೀನೇ ಸೇತುವೆ ಕೆಳಗೆ ನಿಂತಿರ್ಬೇಕು ಅಂದ್ನಂತೆ.

ಬೊಮ್ಮಾಚಾರಿ ಹೆಂಡ್ತಿ ದೇವೀರಮ್ಮ ಸುದ್ದಿ ಕೇಳಿದವಳೇ ಎದ್ದು ಹೊರಟ್ಲಂತೆ. ಮೊದ್ಲು ರಾಜನ ಹತ್ರ ಹೋಗಿ ಬೇಡ ಸ್ವಾಮಿ ಅಂತ ಬೇಡ್ಕೊಂಡ್ಲು, ಅವನು ಕೇಳ್ಲಿಲ್ಲ. ಆಮೇಲೆ ರಾಣಿ ಹತ್ರ ಹೋದ್ಲು, ರಾಜರ ಮಾತಿಗೆ ನಾನು ಎದುರಾಡೋ ಹಾಗಿಲ್ಲ ಕಣಮ್ಮ ಅಂತ ಅವಳೂ ಮುಖ ಸಣ್ಣಗೆ ಮಾಡ್ಕೊಂಡ್ಲಂತೆ. ಆಮೇಲೆ ಗಂಡನ್ನೇ ಕೇಳಿದ್ಲು, ಊರು ಬಿಟ್ಟು ಹೋಗೋಣ ಅಂತ. ಅವನು, ಎರಡು ಸಲ ಬೀಳಿಸಿದೋನು ನಾನು, ನಿಲ್ತೀನಿ, ಬಿದ್ರೆ ಬೀಳ್ಲಿ ಅಂದ್ಬಿಟ್ನಂತೆ.

ಬೆಳಗಾಯ್ತು. ಬೊಮ್ಮಾಚಾರಿ ಇನ್ನೂ ನೀರು ಬಿಡದ ಕಾಲುವೆಗೆ ಇಳಿದು ಕಮಾನಿನ ಕೆಳಗೆ ನಿಂತ. ಆಮೇಲೆ ದೇವೀರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸ್ಕೊಂಡು ಸೀದಾ ಇಳಿದು ಅವನ ಪಕ್ಕಾನೇ ನಿಂತ್ಲಂತೆ. ಹೋಗೇ ಮೇಲಕ್ಕೆ ಅಂತ ಗದರಿದ, ಅವಳು ಅಲ್ಲಾಡ್ಲಿಲ್ಲ. ಆಗ ನೋಡು, ತನ್ನ ಜೀವಕ್ಕೆ ಹೆದರದೋನಿಗೆ ಅವಳ ಜೀವದ ಭಯ ಹಿಡೀತಂತೆ. ತಾಳ್ರಪ್ಪ ಅಂತ ಕಂಬ ತೆಗೆಯೋಕೆ ಬಂದ ಆಳುಗಳನ್ನ ತಡೆದು, ಸುತ್ತಿಗೇಲಿ ಒಂದೊಂದೇ ಕಲ್ಲು ತಟ್ಟಿ ನೋಡಿದ್ನಂತೆ. ಕಮಾನಿನ ನೆತ್ತೀಲಿ ಎರಡೂ ಕಡೆ ಕಲ್ಲುಗಳನ್ನ ಹಿಡಿದಿಡೋ ನಡುಗಲ್ಲು ತಟ್ಟಿದಾಗ ಸದ್ದು ಬೇರೆ ಬಂತಂತೆ. ಗಾರೆ ಕೆರೆದು ನೋಡಿದ್ರೆ ಒಳಗೆ ಬೆರಳು ಹೋಗೋವಷ್ಟು ಸಂದು.

ಮೇಲೆ ಬಂದು ರಾಜನಿಗೆ ಕೈಮುಗಿದು, "ಇದು ನಿಲ್ಲೋದಿಲ್ಲ ಮಾಸ್ವಾಮಿ, ತಪ್ಪು ನಂದೇ. ಮೂರು ದಿನ ಕೊಡಿ" ಅಂದ್ನಂತೆ. ರಾಜ ಕೆಳಗೆ ಇನ್ನೂ ನಿಂತೇ ಇದ್ದ ದೇವೀರಮ್ಮನ್ನ ನೋಡಿದ, ಹ್ಞೂ ಅಂದ.

ಮೂರು ದಿನ ಕೂತು ಹೊಸ ನಡುಗಲ್ಲು ಕೆತ್ತಿ, ಕೂದಲೂ ತೂರದ ಹಾಗೆ ಬಿಗಿಯಾಗಿ ಕೂರಿಸಿದ್ನಂತೆ. ಆಮೇಲೆ ಗಂಡ ಹೆಂಡ್ತಿ ಇಬ್ರೂ ಮತ್ತೆ ಕೆಳಗೆ ನಿಂತ್ರಂತೆ. ಮೊದಲ್ನೇ ಕಂಬ ತೆಗೆದ್ರು, ಧೂಳು ಉದುರ್ತು. ಎರಡನೇದು ತೆಗೆದ್ರು, ಮೇಲೆಲ್ಲೋ ಟಕ್ ಅಂತು, ಅವಳು ಕಣ್ಣು ಮುಚ್ಕೊಂಡ್ಲು. ಮೂರನೇದೂ ತೆಗೆದ್ರು.

"ಕಣ್ಣು ಬಿಡೇ, ನಿಂತ್ಕೊಂಡಿದೆ" ಅಂದ್ನಂತೆ.

ದೇವೀರಮ್ಮ ಅಲ್ಲೇ ಮಣ್ಣಲ್ಲಿ ಕುಸಿದು ಕೂತು, ನಗ್ತಾ ನಗ್ತಾ ಅತ್ತುಬಿಟ್ಲಂತೆ. ರಾಣಿ ಕಾಲುವೆಗೆ ಇಳಿದು ಅವಳ ಕೈಹಿಡಿದು ಎಬ್ಬಿಸಿ, ಸೇತುವೆ ಮೇಲೆ ಎಲ್ರಿಗಿಂತ ಮುಂಚೆ ಅವಳನ್ನೇ ನಡೆಸಿದ್ಲಂತೆ. ಆಮೇಲೆ ನೀರು ಬಿಟ್ರು, ಬಾತುಕೋಳಿ ಬಂದ್ವು, ಎಲ್ರೂ ಚೆನ್ನಾಗಿದ್ರಂತೆ. ಅಷ್ಟೇ ಕಣೇ, ಕತೆ ದಡ ಸೇರ್ತು, ನೀನಿನ್ನು ಮಲಕ್ಕೋ.