ನಲವತ್ತು ತುಂಡಿನ ಬಲೆ

“ಗುರುಗಳೇ, ಒಂದೇ ಕೆಲಸಕ್ಕೆಂದು ಮನೆಮಠ ಬಿಟ್ಟು ಬಂದವರು ಒಬ್ಬರನ್ನೊಬ್ಬರು ಇಷ್ಟು ದ್ವೇಷಿಸುವುದು ಏಕೆ?”

ಹೀಗೆ ಕೇಳಿದವನು ಬೀರಣ್ಣ. ಅವನು ತಾಲೂಕಿನ ಸ್ವಾತಂತ್ರ್ಯ ಚಳವಳಿಯ ಸಮಿತಿಗೆ ಕಾರ್ಯದರ್ಶಿ. ಪರದೇಶದವರ ಸರಕಾರ ಅವನನ್ನು ಎರಡು ಸಲ ಜೈಲಿಗೆ ಹಾಕಿತ್ತು. ಎರಡು ಸಲವೂ ಅವನು ನಗುತ್ತಲೇ ಹೊರಗೆ ಬಂದಿದ್ದ. ಈಗ ಅವನ ಮುಖದಲ್ಲಿ ನಗು ಇರಲಿಲ್ಲ. ತನಗೆ ಅಕ್ಷರ ಕಲಿಸಿದ ಗುರುಗಳ ಜಗಲಿಯಲ್ಲಿ ಕೂತು ಅವನು ಸಮಿತಿಯ ಸಂಗತಿ ಹೇಳಿದ.

ಸಮಿತಿಯಲ್ಲಿ ಮೂರು ಗುಂಪುಗಳಾಗಿದ್ದವು. ಸರಕಾರದ ಕೌನ್ಸಿಲಿಗೆ ಆರಿಸಿ ಹೋಗಿ ಒಳಗಿನಿಂದ ಹೋರಾಡೋಣ ಎನ್ನುವವರು ಒಂದು ಗುಂಪು. ಅದರ ಹೊಸಿಲು ತುಳಿಯುವುದೇ ಪಾಪ ಎನ್ನುವವರು ಇನ್ನೊಂದು. ಟೆಲಿಗ್ರಾಫ್ ತಂತಿ ಕತ್ತರಿಸದೆ ಏನೂ ಆಗದು ಎನ್ನುವವರು ಐದು ಮಂದಿ. ಎರಡು ತಿಂಗಳ ಹಿಂದೆ ಎಲ್ಲರೂ ಕೂಡಿ ಒಂದು ಮೆರವಣಿಗೆ ತೆಗೆದಿದ್ದರು. ಅದು ಅರ್ಧ ದಾರಿಯಲ್ಲೇ ಚದುರಿಹೋಯಿತು. ಅಂದಿನಿಂದ ಸಮಿತಿ ಒಂಬತ್ತು ಸಲ ಸೇರಿತ್ತು. ಒಂಬತ್ತು ಸಲವೂ ತಪ್ಪು ಯಾರದು ಎಂಬುದೇ ಚರ್ಚೆ. ಕೊನೆಗೆ ತಂತಿ ಕತ್ತರಿಸುವ ಮಾತಾಡಿದ ಐವರನ್ನು ಹೊರಗೆ ಹಾಕುವುದೆಂದು ಉಳಿದ ಎರಡೂ ಗುಂಪಿನವರು ಒಪ್ಪಿದರು. ಬಹಳ ದಿನಗಳ ಮೇಲೆ ಅವರು ಒಪ್ಪಿದ್ದು ಅದೊಂದನ್ನೇ.

ಠರಾವನ್ನು ಬೀರಣ್ಣ ಬರೆದು ತಂದಿದ್ದ. ಅದನ್ನು ಮರುದಿನ ಸಭೆಯಲ್ಲಿ ಓದಬೇಕು. ಅವನ ಸಹಿಯೊಂದು ಬಾಕಿ ಇತ್ತು. ಐದು ಹೆಸರುಗಳಲ್ಲಿ ಮೊದಲನೆಯದು ಹಮ್ಮಣ್ಣನದು. ಜೈಲಿನಲ್ಲಿ ಬೀರಣ್ಣನಿಗೆ ಜ್ವರ ಬಂದಾಗ ಹದಿನೇಳು ದಿನ ತನ್ನ ಪಾಲಿನ ಗಂಜಿ ಕುಡಿಸಿ ಉಳಿಸಿದವನು ಆ ಹಮ್ಮಣ್ಣ. ಸಹಿ ಹಾಕಲು ಕೈ ಬರುತ್ತಿಲ್ಲ, ಹಾಕದಿದ್ದರೆ ಸಮಿತಿ ಉಳಿಯುವುದಿಲ್ಲ ಎಂದು ಬೀರಣ್ಣ ಹೇಳಿದ.

ಗುರುಗಳು ಕಾಗದವನ್ನು ಎರಡು ಸಲ ಓದಿದರು. ಬರವಣಿಗೆ ಶುದ್ಧವಾಗಿದೆ, ನನ್ನ ಹತ್ತಿರ ಕಲಿತದ್ದಕ್ಕೆ ಅಷ್ಟಾದರೂ ಆಯಿತಲ್ಲ ಎಂದರು. ಕಾಗದವನ್ನು ಪಕ್ಕಕ್ಕಿಟ್ಟು ಈ ಕತೆ ಹೇಳಿದರು.

ಒಂದು ಕಡಲದಂಡೆಯಲ್ಲಿ ಮೀನುಗಾರರ ಎರಡು ಕೇರಿಗಳಿದ್ದವು. ಬಡಗುಕೇರಿ ಒಂದು, ತೆಂಕುಕೇರಿ ಒಂದು. ಅಲ್ಲಿ ದೊಡ್ಡ ಬಲೆ ಇದ್ದದ್ದು ಒಬ್ಬ ವ್ಯಾಪಾರಿಯ ಬಳಿ ಮಾತ್ರ. ದೊಡ್ಡ ಬಲೆ ಎಂದರೆ ಒಬ್ಬಿಬ್ಬರು ಬೀಸುವ ಬಲೆಯಲ್ಲ. ಏಳು ಮಂದಿ ಅದನ್ನು ದೋಣಿಯಲ್ಲಿ ಒಯ್ದು ಮೀನಿನ ಹಿಂಡಿನ ಸುತ್ತ ಬಿಡಬೇಕು. ಅದರ ಎರಡು ತುದಿಯ ಹಗ್ಗಗಳು ದಂಡೆಗೆ ಬರುತ್ತವೆ. ಒಂದೊಂದು ಹಗ್ಗಕ್ಕೂ ನಲವತ್ತು, ಐವತ್ತು ಜನ ನಿಂತು ಎಳೆಯಬೇಕು. ಎರಡೂ ಕಡೆ ಒಂದೇ ಸಮ ಎಳೆಯಬೇಕು. ಒಂದು ಕಡೆ ಜೋರಾದರೆ ಬಲೆ ಓರೆಯಾಗಿ ಇನ್ನೊಂದು ಕಡೆಯಿಂದ ಮೀನು ಹೋಗಿಬಿಡುತ್ತದೆ.

ಬಲೆ ವ್ಯಾಪಾರಿಯದಾದ್ದರಿಂದ ಯಾವ ದಿನ ಕಡಲಿಗೆ ಇಳಿಯಬೇಕು ಎಂಬ ತೀರ್ಮಾನವೂ ಅವನದೇ ಆಗಿತ್ತು. ಅವನ ಆಳು ದಂಡೆಯಲ್ಲಿ ಬಾವುಟ ನೆಟ್ಟರೆ ದೋಣಿ ಹೊರಡಬೇಕು. ಗಾಳಿ ಇದ್ದರೂ ಹೊರಡಬೇಕು. ಬಾರದವನಿಗೆ ಆ ವರ್ಷ ಹಗ್ಗದಲ್ಲಿ ಜಾಗವಿಲ್ಲ. ಎರಡು ಕೇರಿಗಳು ಕೂಡುವಲ್ಲಿ ಒಬ್ಬ ಮುದುಕನ ಮನೆ ಇತ್ತು. ಅವನಿಗೆ ಇಬ್ಬರು ಗಂಡುಮಕ್ಕಳು. ಒಂದು ಗಾಳಿಯ ದಿನ ಬಾವುಟ ಕಂಡು ಹೋದ ಹಿರಿಯ ಮಗ ಹಿಂದಿರುಗಲಿಲ್ಲ. ಹೆಣವೂ ಸಿಗಲಿಲ್ಲ. ವ್ಯಾಪಾರಿ ಒಂದು ಮೂಟೆ ಅಕ್ಕಿ ಕಳಿಸಿಕೊಟ್ಟ. ಮೂರನೆಯ ದಿನ ಮತ್ತೆ ಬಾವುಟ ನೆಡಿಸಿದ.

ಅಕ್ಕಿಯ ಮೂಟೆಯನ್ನು ಮುದುಕ ಬಿಚ್ಚಲಿಲ್ಲ. ಎರಡೂ ಕೇರಿಯ ಮನೆಮನೆಗೆ ಹೋಗಿ ಒಂದೇ ಮಾತು ಹೇಳಿದ: “ನಮ್ಮದೇ ಒಂದು ಬಲೆ ಇದ್ದಿದ್ರೆ, ಇವತ್ತು ಬೇಡ ಅಂತ ನಾವು ಹೇಳಬಹುದಿತ್ತು.”

ಆ ಮಾತು ಎಲ್ಲರಿಗೂ ನಾಟಿತು. ನಲವತ್ತು ಮನೆಯವರು ಒಂದೊಂದು ತುಂಡು ಹೆಣೆಯುವುದೆಂದು ಗೊತ್ತುಮಾಡಿಕೊಂಡರು. ತುಂಡು ಆಯಾ ಮನೆಯದು, ಬಲೆ ಎಲ್ಲರದು. ಹೆಂಗಸರು ಹುರಿ ಹೊಸೆದರು, ಗಂಡಸರು ಹೆಣೆದರು. ಎರಡು ವರ್ಷ ಹಿಡಿಯಿತು. ತುಂಡುಗಳನ್ನು ಒಂದಕ್ಕೊಂದು ಸೇರಿಸಿ ಹೊಲಿದವನು ಮುದುಕ. ನಡುವಿನ ಭಾಗಕ್ಕೆ ಎಳೆತ ಹೆಚ್ಚು. ಅಲ್ಲಿಗೆ ಗಟ್ಟಿಯಾಗಿ ಹೆಣೆಯುವ ಆರು ಮನೆಯವರ ತುಂಡುಗಳನ್ನು ಹಾಕಿದ. ಆ ಆರು ಮನೆಯವರ ಕೈಯಂತೆಯೇ ಬಾಯಿಯೂ ಗಟ್ಟಿ. ವ್ಯಾಪಾರಿಯ ಬಲೆಗೆ ಬೆಂಕಿ ಹಚ್ಚಿದರೆ ಕೆಲಸ ಬೇಗ ಮುಗಿಯುತ್ತದೆ ಎಂದು ಅವರು ಮೊದಲಿನಿಂದಲೂ ಹೇಳುತ್ತಿದ್ದರು. ತೆಂಕುಕೇರಿಯವರು ವ್ಯಾಪಾರಿಯೊಡನೆ ಮಾತಾಡಿ ನೋಡೋಣ ಎನ್ನುತ್ತಿದ್ದರು. ಬಡಗುಕೇರಿಯವರು ಅವನ ಮುಖ ನೋಡುವುದೂ ಬೇಡ ಎನ್ನುತ್ತಿದ್ದರು. ಹಾಗೆಂದು ಹುರಿ ಹೊಸೆಯುವುದನ್ನು ಯಾರೂ ನಿಲ್ಲಿಸಿರಲಿಲ್ಲ.

ವ್ಯಾಪಾರಿಗೆ ಎಲ್ಲವೂ ತಿಳಿದಿತ್ತು. ಎರಡು ಕೇರಿ ಒಂದು ಕೆಲಸ ಮಾಡುವಾಗ ಗುಟ್ಟು ಎಲ್ಲಿ ಉಳಿಯುತ್ತದೆ? ಅವನಿಗೆ ಆ ಎರಡು ವರ್ಷ ನಿದ್ದೆ ಸರಿಯಾಗಿ ಬರಲಿಲ್ಲ.

ಬಲೆ ಸಿದ್ಧವಾಯಿತು. ಬಂಗಡೆಯ ದೊಡ್ಡ ಹಿಂಡು ಕಂಡ ದಿನ ಅದನ್ನು ಕಡಲಿಗೆ ಬಿಟ್ಟರು. ಬಡಗು ಹಗ್ಗಕ್ಕೆ ಬಡಗುಕೇರಿಯವರು, ತೆಂಕು ಹಗ್ಗಕ್ಕೆ ತೆಂಕುಕೇರಿಯವರು ನಿಂತರು. ವ್ಯಾಪಾರಿಯ ಬಲೆ ಎಳೆಯುವಾಗ ಅವನ ಆಳು ನಡುವೆ ನಿಂತು ಕೂಗು ಹಾಕುತ್ತಿದ್ದ, ಆ ಕೂಗಿಗೆ ಎರಡು ಕಡೆಯವರೂ ಹೆಜ್ಜೆ ಇಡುತ್ತಿದ್ದರು. ಈಗ ನಡುವೆ ನಿಲ್ಲುವವರು ಯಾರು ಎಂದು ಯಾರೂ ಯೋಚಿಸಿರಲಿಲ್ಲ. ಪ್ರತಿ ಕೇರಿಯೂ ತನ್ನ ಕೂಗು ತಾನು ಹಾಕಿತು. ಬಲೆ ಓರೆಯಾಯಿತು. ನಡುವೆ ಒಂದು ಕಡೆ ಹರಿಯಿತು. ಹಿಂಡು ಹೋಯಿತು.

ಬೀರಣ್ಣ, ಇಲ್ಲಿ ಸ್ವಲ್ಪ ಗಮನವಿಟ್ಟು ಕೇಳು. ಬಲೆ ಹರಿಯುವುದು ಮೀನುಗಾರನಿಗೆ ಹೊಸತಲ್ಲ. ವ್ಯಾಪಾರಿಯ ಬಲೆ ವಾರಕ್ಕೊಮ್ಮೆ ಹರಿಯುತ್ತಿತ್ತು. ಆಗ ಯಾರೂ ಮಾತಾಡುತ್ತಿರಲಿಲ್ಲ. ದಂಡೆಯಲ್ಲಿ ಹರಡಿಕೊಂಡು ಕೂತು ಸಂಜೆಯೊಳಗೆ ಕಟ್ಟಿ ಮುಗಿಸುತ್ತಿದ್ದರು. ಈ ಬಲೆ ತಮ್ಮದಾಗಿತ್ತು. ಆದ್ದರಿಂದ ಕಟ್ಟುವ ಮೊದಲು ಯಾರ ಗಂಟು ಬಿಟ್ಟಿತು ಎಂದು ತಿಳಿಯಬೇಕಾಯಿತು.

ವಿಚಾರಣೆ ಶುರುವಾಯಿತು. ಬಡಗಿನವರು ತಡಮಾಡಿದರು ಎಂದು ತೆಂಕಿನವರು, ತೆಂಕಿನವರು ಜಗ್ಗಿದರು ಎಂದು ಬಡಗಿನವರು. ಇನ್ನು ಮುಂದೆ ಗೊಂದಲ ಬೇಡವೆಂದು ಬಡಗುಕೇರಿಯವರು ತಮ್ಮ ತುಂಡುಗಳಿಗೆ ಕೆಂಪು ನೂಲು ಕಟ್ಟಿದರು. ತೆಂಕುಕೇರಿಯವರು ಕರಿ ನೂಲು ಕಟ್ಟಿದರು. ಎರಡು ವಾರ ಕಳೆಯಿತು. ಹರಿದದ್ದು ಹರಿದ ಹಾಗೇ ಇತ್ತು. ಹರಿದಿರುವುದು ನಡುವಿನಲ್ಲಿ, ನಡುವೆ ಇರುವುದು ಬೆಂಕಿಯ ಮಾತಾಡುವ ಆರು ಮನೆಯವರ ತುಂಡು ಎಂದು ಕೊನೆಗೆ ಯಾರೋ ಎತ್ತಿ ತೋರಿಸಿದರು. ಎರಡೂ ಕೇರಿಗೆ ಸಮಾಧಾನವಾಯಿತು. ಆ ಆರು ತುಂಡುಗಳನ್ನು ಬಿಚ್ಚಿ ಅವರ ಅಂಗಳಕ್ಕೆ ಎಸೆದುಬಂದರು.

ವ್ಯಾಪಾರಿಯ ಗುಮಾಸ್ತ ಒಡೆಯನ ಬಳಿಗೆ ಓಡಿಬಂದು, ನಾವೀಗ ಏನಾದರೂ ಮಾಡಬೇಕೇ ಎಂದು ಕೇಳಿದ. ಏನೂ ಬೇಡ, ಅವರು ವಿಚಾರಣೆ ನಡೆಸಿಕೊಳ್ಳಲಿ ಎಂದು ವ್ಯಾಪಾರಿ ಹೇಳಿದ. ಆ ರಾತ್ರಿಯಿಂದ ಅವನಿಗೆ ಚೆನ್ನಾಗಿ ನಿದ್ದೆ ಬಂತು.

ನಡುವಿನ ಆರು ತುಂಡು ಹೋದ ಮೇಲೆ ಬಲೆ ಎರಡಾಯಿತು. ಮರಳಿನ ಮೇಲೆ ಕೆಂಪು ನೂಲಿನದು ಈ ಕಡೆ, ಕರಿ ನೂಲಿನದು ಆ ಕಡೆ. ನಡುವೆ ಎರಡು ಮಾರು ಜಾಗ. ಅವನ್ನು ಕೂಡಿಸಿ ಹೊಲಿದರೆ ಬಲೆ ಸ್ವಲ್ಪ ಚಿಕ್ಕದಾದರೂ ಕೆಲಸಕ್ಕೆ ಬರುತ್ತಿತ್ತು. ಮುದುಕ ಸೂಜಿ ಹಿಡಿದು ಬಂದು, ಇಬ್ಬರೂ ಒಂದೊಂದು ಮಾರು ಸರಿಸಿ ತನ್ನಿ, ಉಳಿದದ್ದು ನನಗೆ ಬಿಡಿ ಎಂದ. ಮೊದಲು ಅವರು ತರಲಿ ಎಂದು ಬಡಗುಕೇರಿಯವರು ಹೇಳಿದರು. ತೆಂಕುಕೇರಿಯವರೂ ಅದನ್ನೇ ಹೇಳಿದರು. ಮುದುಕ ಮೂರು ದಿನ ಆ ಎರಡು ಅಂಚುಗಳ ನಡುವೆ ಕೂತು ನೋಡಿದ. ನಾಲ್ಕನೆಯ ದಿನ ಸೂಜಿಯನ್ನು ಮನೆಯ ಮಾಡಿನ ಸಂದಿಗೆ ಸಿಕ್ಕಿಸಿಟ್ಟ.

ಅರ್ಧ ಬಲೆಯಿಂದ ಯಾವ ಹಿಂಡನ್ನೂ ಸುತ್ತುವರಿಯಲಾಗುವುದಿಲ್ಲ. ಎರಡೂ ಕೇರಿಯಲ್ಲಿ ಒಲೆ ಹೊತ್ತುವುದು ಒಂದು ಹೊತ್ತಿಗೆ ಇಳಿಯಿತು. ಒಂದು ಬೆಳಗ್ಗೆ ಬಡಗುಕೇರಿಯ ಹಿರಿಯರು ಗದ್ದೆಯ ದಾರಿಯಿಂದ ವ್ಯಾಪಾರಿಯ ಮನೆಗೆ ಹೊರಟರು. ಇನ್ನೊಂದು ಕೇರಿಯವರು ಮೊದಲು ಹೋಗಿಬಿಟ್ಟರೆ ತಮಗೆ ಹಗ್ಗದಲ್ಲಿ ಜಾಗ ಸಿಗಲಾರದು ಎಂಬ ಭಯ. ಅದೇ ಭಯದಿಂದ ತೆಂಕುಕೇರಿಯ ಹಿರಿಯರು ಅದೇ ಬೆಳಗ್ಗೆ ದಂಡೆಯ ದಾರಿಯಿಂದ ಹೊರಟಿದ್ದರು. ಇಬ್ಬರೂ ವ್ಯಾಪಾರಿಯ ಬಾಗಿಲಲ್ಲಿ ಎದುರುಬದುರಾದರು. ವ್ಯಾಪಾರಿ ಇಬ್ಬರಿಗೂ ಬೆಲ್ಲ ನೀರು ಕೊಡಿಸಿದ. ಬಡಗಿನವರಿಗೆ ಬಡಗು ಹಗ್ಗ, ತೆಂಕಿನವರಿಗೆ ತೆಂಕು ಹಗ್ಗ, ಹಿಂದಿನಂತೆಯೇ ಇರಲಿ ಎಂದ. ಮಾರನೆಯ ದಿನ ಅವನ ಆಳು ನಡುವೆ ನಿಂತು ಕೂಗು ಹಾಕಿದ. ಎರಡು ಕಡೆಯವರದೂ ಒಂದು ಹೆಜ್ಜೆ ತಪ್ಪಲಿಲ್ಲ. ಅಷ್ಟು ಚೆನ್ನಾಗಿ ಅವರು ಎಂದೂ ಎಳೆದಿರಲಿಲ್ಲ ಎಂದು ನೋಡಿದವರು ಹೇಳುತ್ತಾರೆ.

ಇಪ್ಪತ್ತು ದಿನ ಕಳೆದ ಮೇಲೆ ಗಾಳಿ ಎದ್ದಿತು. ಬಾವುಟ ನೆಟ್ಟಾಗಿತ್ತು. ಮುದುಕ ಎರಡೂ ಕೇರಿಗೆ ಹೋಗಿ, ಇವತ್ತು ಯಾರೂ ಹೋಗಬೇಡಿ ಎಂದು ಕೈ ಮುಗಿದ. ನಾವು ಹೋಗದಿದ್ದರೆ ಅವರು ಹೋಗುತ್ತಾರೆ, ನಮ್ಮ ಹಗ್ಗವೂ ಅವರ ಪಾಲಾಗುತ್ತದೆ ಎಂದು ಬಡಗಿನವರು ಹೇಳಿದರು. ತೆಂಕಿನವರು ಹೇಳಿದ್ದೂ ಅದೇ. ಆರು ಮನೆಯವರನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಅವರು ಮುದುಕನ ಜೊತೆಗೆ ನಿಲ್ಲುತ್ತಿದ್ದರೋ ಏನೋ. ದೋಣಿಗೆ ಏಳು ಮಂದಿ ಹತ್ತಿದರು, ಆರು ಮಂದಿ ಬಂದರು. ಬಾರದವನು, ಹಗ್ಗದ ಜಾಗ ಹೋದೀತೆಂದು ತಂದೆಯ ಮಾತು ಮೀರಿ ಹತ್ತಿದ್ದ ಮುದುಕನ ಕಿರಿಯ ಮಗ.

ಸಂಜೆ ಎರಡೂ ಕೇರಿಯವರು ಮುದುಕನ ಅಂಗಳಕ್ಕೆ ಬಂದರು. ಬಡಗಿನವರು ಒಂದು ಕಡೆ ಕೂತರು, ತೆಂಕಿನವರು ಇನ್ನೊಂದು ಕಡೆ ಕೂತರು. ಆಮೇಲೆ ಬಡಗುಕೇರಿಯ ಹಿರಿಯ ನಿಟ್ಟುಸಿರು ಬಿಟ್ಟು, “ಅವತ್ತು ನೀವು ಬಲೆಯ ಅಂಚು ಒಂದು ಮಾರು ಇತ್ತ ತಂದಿದ್ರೆ, ಇವತ್ತು ಈ ಹುಡುಗ ಇರ್ತಿದ್ದ” ಎಂದ.

ತೆಂಕುಕೇರಿಯ ಹಿರಿಯ, ಆ ಮಾತನ್ನು ನಾವು ಹೇಳಬೇಕು ಎಂದು ಎದ್ದು ನಿಂತ. ಸಾವಿನ ಮನೆಯಲ್ಲಿ ವಿಚಾರಣೆ ಮತ್ತೆ ಶುರುವಾಯಿತು.

ಮುದುಕ ಎದ್ದು ಮಾಡಿನ ಸಂದಿಯಿಂದ ಸೂಜಿ ತೆಗೆದ. ಅದನ್ನು ಅಂಗಳದ ನಡುವೆ ಇಟ್ಟು ಒಳಗೆ ಹೋದ. ಬಡಗಿನವರು ತೆಂಕಿನವರನ್ನು ನೋಡಿದರು. ತೆಂಕಿನವರು ಬಡಗಿನವರನ್ನು ನೋಡಿದರು. ಸೂಜಿಯನ್ನು ಮೊದಲು ಅವರು ಮುಟ್ಟಲಿ ಎಂದು ಕಾದರು. ಕತ್ತಲಾದ ಮೇಲೆ ಎದ್ದು ತಮ್ಮ ತಮ್ಮ ಮನೆಗೆ ಹೋದರು.

ಇಷ್ಟು ಹೇಳಿ ಗುರುಗಳು ಕತೆ ಮುಗಿಸಿದರು. ಬೀರಣ್ಣನ ಕಣ್ಣು ಒದ್ದೆಯಾಗಿತ್ತು. ಮುದುಕನನ್ನು ನೆನೆದು ಅವನಿಗೆ ನಿಜವಾಗಿಯೂ ದುಃಖವಾಗಿತ್ತು. ಅವನು ಬಹಳ ಹೊತ್ತು ಯೋಚಿಸಿದ. ಎಷ್ಟಾದರೂ ಕಾರ್ಯದರ್ಶಿ. ಒಂಬತ್ತು ಸಭೆಗಳ ನಡಾವಳಿ ಬರೆದ ಕೈ ಅವನದು. ಕೊನೆಗೆ ತಡೆಯಲಾರದೆ ಕೇಳಿದ:

“ಗುರುಗಳೇ, ಆ ಮೊದಲ ದಿನ ಬಿಟ್ಟುಹೋದ ಗಂಟು ನಿಜವಾಗಿ ಯಾರದು?”

ಗುರುಗಳು ಪಕ್ಕದಲ್ಲಿದ್ದ ಠರಾವಿನ ಕಾಗದವನ್ನು ಎತ್ತಿ ಅವನ ಕೈಗೆ ಕೊಟ್ಟರು.

“ಹೇಳಿದರೆ ಅವನ ಹೆಸರನ್ನೂ ಇದರಲ್ಲಿ ಸೇರಿಸುತ್ತೀಯೇನು?”

ಬೀರಣ್ಣ ಕಾಗದವನ್ನು ಸಹಿ ಹಾಕದೆಯೇ ಮಡಚಿ ಜೇಬಿಗಿಟ್ಟುಕೊಂಡ.